ನಮ್ಮ ಕುಂದಾನ ಹೃದಯಕ್ಕೆ ಕೊಟ್ಟ ಪೂರಕಗಳು: ಹನ್ನೊಂದು ತಿಂಗಳ ಬಳಕೆಯ ನಂತರದ ಅಭಿಪ್ರಾಯ

ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಐದು ವರ್ಷದ ಒಂದು ಗಂಡು ಫೆರೆಟ್ ಇದೆ. ಪುಣೆಯಲ್ಲಿ ಓದುತ್ತಿದ್ದ ಮಗಳು ಅವನನ್ನು ಮರಿಯಿದ್ದಾಗ ತಂದಳು. ಮೈಬಣ್ಣ ನಮ್ಮೂರಿನ ಕುಂದಾದ ಹಾಗೆ ಕಂದಾಗಿದ್ದುದರಿಂದ ಕುಂದಾ ಎಂದೇ ಹೆಸರಿಟ್ಟಳು. ಓದು ಮುಗಿಸಿ ಅವಳು ನೌಕರಿಗೆಂದು ದೂರ ಹೋದ ಮೇಲೆ ಅವನ ಆರೈಕೆ ನನ್ನ ಪಾಲಿಗೆ ಬಂತು. ಕಳೆದ ಶ್ರಾವಣದಲ್ಲಿ ಅವನ ಹೃದಯ ಹಿಗ್ಗಿ ದುರ್ಬಲವಾಗಿರುವುದು ಗೊತ್ತಾಯಿತು. ಅಂದಿನಿಂದ ಈ ಹನ್ನೊಂದು ತಿಂಗಳಲ್ಲಿ ವೈದ್ಯರ ಔಷಧಗಳ ಜೊತೆಗೆ ನಾಲ್ಕು ಬಗೆಯ ಪೂರಕಗಳನ್ನು ಕೊಂಡು ಬಳಸಿದ್ದೇನೆ: ಬಿಡಿ ಟಾರೀನ್ ಪುಡಿ, ಮೀನೆಣ್ಣೆಯ ಕ್ಯಾಪ್ಸೂಲು, ಕೋಎಂಜೈಮ್ ಕ್ಯೂ-10 ಮತ್ತು ಸಾಕುಪ್ರಾಣಿಗಳ ಹೃದಯಕ್ಕೆಂದು ಮಾರುವ ಒಂದು ಮಿಶ್ರ ಸಿರಪ್. ಇವುಗಳಲ್ಲಿ ಎರಡು ಈಗಲೂ ನಮ್ಮ ಕಪಾಟಿನಲ್ಲಿವೆ, ಒಂದನ್ನು ನಿಲ್ಲಿಸಿದ್ದೇನೆ, ಒಂದನ್ನು ಎಸೆದಿದ್ದೇನೆ. ಫೆರೆಟ್ ಸಾಕುವವರು ನಮ್ಮ ಭಾಗದಲ್ಲಿ ಕಡಿಮೆ. ಅವರಲ್ಲಿ ಯಾರಿಗಾದರೂ ಇಂಥ ಪರಿಸ್ಥಿತಿ ಬಂದರೆ ಹಣವನ್ನೂ ಅದಕ್ಕಿಂತ ಹೆಚ್ಚಾಗಿ ಸಮಯವನ್ನೂ ಎಲ್ಲಿ ಕಳೆದುಕೊಳ್ಳಬಾರದು ಎಂಬುದು ಕನ್ನಡದಲ್ಲಿ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಓಣಿಯವರು ಇಂದಿಗೂ "ಮುಂಗುಸಿ ಸಾಕೀರೇನ್ರಿ?" ಎಂದು ಕೇಳುತ್ತಾರೆ. ಫೆರೆಟ್ ಮುಂಗುಸಿಯಲ್ಲ, ಅದು ನೀರುನಾಯಿಯ ಕುಟುಂಬಕ್ಕೆ ಸೇರಿದ, ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಯುರೋಪಿನಲ್ಲಿ ಸಾಕುಪ್ರಾಣಿಯಾದ ಮಾಂಸಾಹಾರಿ. ಈ ವಿಮರ್ಶೆಗೆ ಮುಖ್ಯವಾದ ಸಂಗತಿ ಅದರ ಹೊಟ್ಟೆಯದು. ಕರುಳು ಬಹಳ ಚಿಕ್ಕದು, ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲಿ ಹೊರಬೀಳುತ್ತದೆ. ಕಾಳು, ಸೊಪ್ಪು, ನಾರಿನ ಪದಾರ್ಥಗಳಿಂದ ಅದಕ್ಕೆ ಹೆಚ್ಚೇನೂ ದಕ್ಕುವುದಿಲ್ಲ. ಆದ್ದರಿಂದ ನಾಯಿಗೋ ಮನುಷ್ಯರಿಗೋ ಒಗ್ಗಿದ ಪೂರಕವು ಒಂದು ಕಿಲೋ ತೂಕದ ಈ ಜೀವಕ್ಕೂ ಒಗ್ಗುತ್ತದೆ ಎಂದು ಮೊದಲೇ ನಂಬಿ ಕೊಳ್ಳಬಾರದು. ನಾನು ಮಾಡಿದ ಮೊದಲ ತಪ್ಪು ಅದೇ.

ರೋಗ ಕಾಣಿಸಿಕೊಂಡ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪಂಚಮಿ ಹಬ್ಬಕ್ಕೆ ಉಂಡಿ ಕಟ್ಟುತ್ತಿದ್ದ ದಿನ ಕುಂದಾ ಅಡುಗೆಮನೆಯ ಹೊಸ್ತಿಲು ದಾಟುವಾಗ ಹಿಂಗಾಲುಗಳನ್ನು ಎಳೆದುಕೊಂಡು ಬಂದ. ಫೆರೆಟ್‌ಗಳು ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಗಂಟೆ ಮಲಗುವ ಪ್ರಾಣಿಗಳಾದ್ದರಿಂದ ಅದಕ್ಕೂ ಮೊದಲು ಅವನು ಸುಸ್ತಾಗಿದ್ದನೆಂಬುದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಹಿಂಗಾಲು ಸೋಲುವುದು ಇವುಗಳಲ್ಲಿ ರಕ್ತದ ಸಕ್ಕರೆ ಕುಸಿದಾಗಲೂ ಆಗುತ್ತದೆ, ಹೃದಯ ಸೋತಾಗಲೂ ಆಗುತ್ತದೆ. ವೈದ್ಯರು ಮೊದಲು ಸಕ್ಕರೆ ನೋಡಿದರು. 96 ಇತ್ತು, ದೋಷವಿರಲಿಲ್ಲ. ಬಳಿಕ ಸ್ಟೆತೊಸ್ಕೋಪನ್ನು ನಾವು ಊಹಿಸುವ ಜಾಗಕ್ಕಿಂತ ಬಹಳ ಹಿಂದಕ್ಕೆ ಇಟ್ಟು ಆಲಿಸಿದರು, ಏಕೆಂದರೆ ಫೆರೆಟ್‌ನ ಹೃದಯ ಆರನೆಯ ಮತ್ತು ಎಂಟನೆಯ ಪಕ್ಕೆಲುಬುಗಳ ನಡುವೆ ಇರುತ್ತದೆ. ಎಕ್ಸ್-ರೇಯಲ್ಲಿ ಎದೆಯಲ್ಲಿ ನೀರು ಕಂಡಿತು. ಅದನ್ನು ಸೂಜಿಯಿಂದ ತೆಗೆಸಿ, ಉಸಿರು ಹಗುರಾದ ಮೇಲೆ, ಪುಣೆಗೆ ಕರೆದೊಯ್ದು ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದೆವು. ಡೈಲೇಟೆಡ್ ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ಒತ್ತುವ ಶಕ್ತಿ ಕುಗ್ಗುವ ರೋಗ ಎಂದು ಖಚಿತವಾಯಿತು. ಮೂರು ವರ್ಷ ದಾಟಿದ ಫೆರೆಟ್‌ಗಳಲ್ಲಿ ಹೃದಯದ ಕಾಯಿಲೆ ಎಂದರೆ ಹೆಚ್ಚಾಗಿ ಇದೇ.

ನೀರನ್ನು ಇಳಿಸಲು ಫುರೊಸಮೈಡ್, ಹೃದಯದ ಒತ್ತುವ ಬಲ ಹೆಚ್ಚಿಸಲು ಪಿಮೊಬೆಂಡನ್, ರಕ್ತನಾಳಗಳನ್ನು ಸಡಿಲಿಸಲು ಬಹಳ ಸಣ್ಣ ಪ್ರಮಾಣದಲ್ಲಿ ಎನಾಲಾಪ್ರಿಲ್ ಬರೆದುಕೊಟ್ಟರು. ಕುಂದಾನನ್ನು ಬದುಕಿಸಿದ್ದು ಈ ಮೂರು. ಮುಂದೆ ನಾನು ಯಾವ ಪೂರಕವನ್ನು ಎಷ್ಟೇ ಹೊಗಳಿದರೂ ಅದು ಈ ಔಷಧಗಳ ಪಕ್ಕದಲ್ಲಿ ನಿಂತದ್ದು, ಅವುಗಳ ಜಾಗದಲ್ಲಿ ಅಲ್ಲ ಎಂಬುದನ್ನು ಓದುಗರು ಮರೆಯಬಾರದು. ಪೂರಕಗಳ ಮಾತನ್ನು ನಾನೇ ಎತ್ತಿದಾಗ ನಮ್ಮ ವೈದ್ಯರು ಒಂದು ನಿಯಮ ಹಾಕಿದರು. "ಬಾಯಾರ, ಒಂದೊಂದ ಶುರು ಮಾಡ್ರಿ, ನಡುವ ಎರಡು ವಾರ ಬಿಡ್ರಿ. ಎಲ್ಲಾ ಒಮ್ಮೆಲೆ ಕೊಟ್ರ ಯಾವುದು ಕೆಲಸ ಮಾಡ್ತು, ಯಾವುದು ಕೆಡಿಸ್ತು ಅನ್ನೂದು ನನಗೂ ತಿಳಿಯೂದಿಲ್ಲ," ಎಂದರು. ಅಂದಿನಿಂದ ಒಂದು ವಹಿಯಲ್ಲಿ ಅವನ ತೂಕ, ತಿಂದ ಪ್ರಮಾಣ ಮತ್ತು ನಿದ್ದೆಯಲ್ಲಿರುವಾಗ ಒಂದು ನಿಮಿಷದಲ್ಲಿ ಎಷ್ಟು ಸಲ ಉಸಿರಾಡುತ್ತಾನೆ ಎಂಬ ಲೆಕ್ಕವನ್ನು ಬರೆಯುತ್ತ ಬಂದಿದ್ದೇನೆ. ಕೆಳಗಿನ ಅಭಿಪ್ರಾಯಗಳಿಗೆಲ್ಲ ಆ ವಹಿಯೇ ಆಧಾರ.

ಮೊದಲಿಗೆ ಟಾರೀನ್. ನಾಲ್ಕರಲ್ಲಿ ನಾನು ನಿಸ್ಸಂಕೋಚವಾಗಿ ಕೊಳ್ಳಿರಿ ಎನ್ನುವುದು ಇದೊಂದನ್ನೇ. ಇದು ಗಂಧಕ ಸೇರಿರುವ ಒಂದು ಅಮೈನೋ ಆಮ್ಲ. 1827ರಲ್ಲಿ ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದ್ದರಿಂದ ಎತ್ತಿನ ಲ್ಯಾಟಿನ್ ಹೆಸರೇ ಇದಕ್ಕೆ ಬಂದಿದೆ. ಹೃದಯದ ಸ್ನಾಯುವಿನಲ್ಲಿ ಹೇರಳವಾಗಿರುತ್ತದೆ, ಸ್ನಾಯು ಕುಗ್ಗಿ ಹಿಗ್ಗುವಾಗ ಕ್ಯಾಲ್ಸಿಯಂನ ಓಡಾಟವನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. 1987ರಲ್ಲಿ ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಬೆಕ್ಕುಗಳ ಹಿಗ್ಗಿದ ಹೃದಯಕ್ಕೆ ಆಹಾರದಲ್ಲಿನ ಟಾರೀನ್ ಕೊರತೆ ಕಾರಣವೆಂದೂ ಅದನ್ನು ಮತ್ತೆ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಂದೂ ತೋರಿಸಿದರು. ಅನಂತರ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರೀನ್ ಹೆಚ್ಚಿಸಿದವು, ಆ ರೋಗವೂ ಬೆಕ್ಕುಗಳಲ್ಲಿ ಅಪರೂಪವಾಯಿತು. ಫೆರೆಟ್‌ಗಳ ವಿಷಯದಲ್ಲಿ ಅಷ್ಟು ನೇರವಾದ ಪುರಾವೆ ಇಲ್ಲ. ಬೆಕ್ಕಿನಂತೆಯೇ ಮಾಂಸವನ್ನೇ ನಂಬಿದ ಜೀವವಾದ್ದರಿಂದ ಆ ತಿಳಿವಳಿಕೆಯ ಬಲದ ಮೇಲೆ ವೈದ್ಯರು ಇದನ್ನು ಸೂಚಿಸುತ್ತಾರೆ. ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗುವುದರಿಂದ ಅಪಾಯ ಕಡಿಮೆ. ಲಾಭದ ಸಾಧ್ಯತೆ ಇದ್ದು ಹಾನಿಯ ಸಾಧ್ಯತೆ ಅತ್ಯಲ್ಪವಾಗಿರುವ ವಸ್ತುವನ್ನು ಕೊಡದಿರಲು ನನಗೆ ಕಾರಣ ಕಾಣಲಿಲ್ಲ.

ಕೊಳ್ಳುವಾಗಲೇ ಎಡವಿದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಬಿಡಿ ಟಾರೀನ್ ಸಿಗಲಿಲ್ಲ. ವ್ಯಾಯಾಮಶಾಲೆಗೆ ಹೋಗುವ ಹುಡುಗರು ಕೊಳ್ಳುವ ಪುಡಿಗಳ ಅಂಗಡಿಯಲ್ಲಿ ಸಿಕ್ಕಿತು. ಮೊದಲ ಸಲ ಅವಸರದಲ್ಲಿ ತಂದ ಡಬ್ಬಿ ಕಿತ್ತಳೆ ಸ್ವಾದದ್ದು. ಮನೆಗೆ ಬಂದು ಚೀಟಿ ಓದಿದಾಗ ಅದರಲ್ಲಿ ಸಿಹಿಕಾರಕ, ಹುಳಿ, ಬಣ್ಣ ಎಲ್ಲವೂ ಇದ್ದವು. ಅದನ್ನು ಹಿಂದಿರುಗಿಸಿ ಟಾರೀನ್ ಬಿಟ್ಟು ಬೇರೇನೂ ಇಲ್ಲದ, ಸ್ವಾದ ಸೇರಿಸದ ಪುಡಿಯನ್ನು ತಂದೆ. ಇಂಥ ಅಂಗಡಿಗಳಲ್ಲಿ ಕೆಫೀನ್ ಬೆರೆಸಿದ ಪುಡಿಗಳಲ್ಲೂ ಟಾರೀನ್ ಇರುತ್ತದೆ, ಎನರ್ಜಿ ಡ್ರಿಂಕ್‌ಗಳಲ್ಲೂ ಇರುತ್ತದೆ. ಅವು ದುರ್ಬಲ ಹೃದಯದ ಪ್ರಾಣಿಗೆ ವಿಷಕ್ಕೆ ಸಮಾನ. ಕ್ಸೈಲಿಟಾಲ್ ಎಂಬ ಸಿಹಿ ನಾಯಿಗಳಲ್ಲಿ ಸಕ್ಕರೆಯನ್ನು ಕುಸಿಯುವಂತೆ ಮಾಡಿ ಜೀವ ತೆಗೆಯುತ್ತದೆ, ಫೆರೆಟ್‌ನ ಹತ್ತಿರವೂ ಅದು ಸುಳಿಯಬಾರದು. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಅಂಗಡಿಯಲ್ಲೇ ನಿಂತು ಓದಿರಿ ಎಂದು ನಾನು ಹೇಳುವುದು ಈ ಅನುಭವದಿಂದ.

ಅಳೆಯುವುದು ಮುಂದಿನ ಕೆಲಸ. ನಮ್ಮ ವೈದ್ಯರು ಕುಂದಾನಿಗೆಂದು ಬರೆದದ್ದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಇದು ಅವನ ಚೀಟಿ, ಬೇರೆಯವರು ತಮ್ಮ ವೈದ್ಯರನ್ನು ಕೇಳಿಯೇ ಕೊಡಬೇಕು. ಡಬ್ಬಿಯೊಳಗಿನ ಚಮಚವೋ ಮನುಷ್ಯರ ಲೆಕ್ಕದ್ದು, ಒಂದು ಚಮಚಕ್ಕೆ ಗ್ರಾಂಗಟ್ಟಲೆ ಬರುತ್ತದೆ. ಬಂಗಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡೆ. ಅರ್ಧ ಗ್ರಾಂ ತೂಗಿ, ಹತ್ತು ಮಿಲಿಲೀಟರ್ ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಎರಡೂವರೆ ಮಿಲಿಲೀಟರ್ ಎಳೆದರೆ ಸರಿಯಾಗಿ 125 ಮಿಲಿಗ್ರಾಂ ಆಗುತ್ತದೆ. ಒಮ್ಮೆ ಕಲಸಿದ್ದು ಎರಡು ದಿನಕ್ಕೆ ಸಾಕು, ಫ್ರಿಜ್ಜಿನಲ್ಲಿಟ್ಟುಕೊಳ್ಳುತ್ತೇನೆ. ಟಾರೀನ್‌ಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಇದು ಚಿಕ್ಕ ವಿಷಯವಲ್ಲ. ಫೆರೆಟ್‌ಗಳು ಮರಿಯಿದ್ದಾಗಿನ ಮೊದಲ ಕೆಲವು ತಿಂಗಳಲ್ಲಿ ಯಾವುದನ್ನು ತಿಂದವೋ ಅದನ್ನೇ ಆಹಾರವೆಂದು ನಂಬಿ, ಹೊಸ ವಾಸನೆ ಬಂದರೆ ತಟ್ಟೆಯಿಂದ ತಿರುಗಿ ಹೋಗುತ್ತವೆ. ಕೋಳಿಯ ಸಾರಿನಲ್ಲಿ ಬೆರೆಸಿ ಕೊಟ್ಟಾಗ ಕುಂದಾ ಮೊದಲ ದಿನವೇ ನೆಕ್ಕಿದ.

ಫಲ ಏನಾಯಿತು? ನಾಲ್ಕು ತಿಂಗಳ ನಂತರದ ಎಕೋದಲ್ಲಿ ಹೃದಯದ ಒತ್ತುವ ಶಕ್ತಿ ಕೊಂಚ ಉತ್ತಮವಾಗಿತ್ತು, ಮಲಗಿದ್ದಾಗಿನ ಉಸಿರಿನ ಲೆಕ್ಕ ನಲವತ್ತರ ಮೇಲಿಂದ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಅದರಲ್ಲಿ ಎಷ್ಟು ಪಾಲು ಪಿಮೊಬೆಂಡನ್‌ದು, ಎಷ್ಟು ಟಾರೀನ್‌ದು ಎಂದು ನಾನು ಹಂಚಿ ಹೇಳಲಾರೆ, ವೈದ್ಯರೂ ಹೇಳಲಿಲ್ಲ. ಆದರೆ ಉಸಿರಿನ ಇಳಿಕೆಯ ಬಹುಭಾಗ ಟಾರೀನ್ ಆರಂಭಿಸುವ ಮೊದಲೇ, ನೀರು ಇಳಿದ ವಾರದಲ್ಲೇ ಆಗಿತ್ತೆಂಬುದು ವಹಿಯಲ್ಲಿ ಸ್ಪಷ್ಟವಾಗಿದೆ. ಅದನ್ನು ಮರೆಮಾಚಿ ಎಲ್ಲ ಶ್ರೇಯಸ್ಸನ್ನು ಪುಡಿಗೆ ಕೊಟ್ಟರೆ ನನ್ನ ಮಾತು ನಂಬಿ ಯಾರಾದರೂ ಔಷಧ ನಿಲ್ಲಿಸಿಯಾರು ಎಂಬ ಭಯ ನನಗಿದೆ. ಬೆಲೆಯ ವಿಷಯ ಹೇಳುವುದಾದರೆ, ನೂರು ಗ್ರಾಂ ಡಬ್ಬಿ 600 ರೂಪಾಯಿಯೊಳಗೆ ಬಂತು. ದಿನಕ್ಕೆ ಕಾಲು ಗ್ರಾಮಿನಂತೆ ಅದು ನಾಲ್ಕು ನೂರು ದಿನ ಬರುತ್ತದೆ. ಹೃದಯಕ್ಕೆಂದು ಹೆಸರಿಟ್ಟು ಮಾರುವ ಸಿದ್ಧ ಸಿರಪ್ಪುಗಳು ತಿಂಗಳಿಗೊಮ್ಮೆ ಅಷ್ಟೇ ಹಣ ಕೇಳುತ್ತವೆ.

ಟಾರೀನ್‌ನ ಪ್ರಕರಣದಿಂದ ನಮ್ಮ ಅಡುಗೆಯೂ ಬದಲಾಯಿತು. ಟಾರೀನ್ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಮಾಂಸ ಬೇಯಿಸಿದಾಗ ಅದರಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ನಾನು ವರ್ಷಗಟ್ಟಲೆ ಕೋಳಿ ಬೇಯಿಸಿ, ನೀರು ಚೆಲ್ಲಿ, ಬರೀ ತುಂಡುಗಳನ್ನು ಕೊಟ್ಟಿದ್ದೆ. ಈಗ ಆ ಸಾರನ್ನೇ, ಉಪ್ಪು ಹಾಕದೆ, ಅವನಿಗೆ ಕೊಡುತ್ತೇನೆ. ಕೋಳಿ ಅಂಗಡಿಯಲ್ಲಿ ಕಲೀಜದ ಜೊತೆ ಬರುವ ಹೃದಯಗಳನ್ನು ಬೇರೆಯಾಗಿ ಕೇಳಿ ತರುತ್ತೇನೆ. ಎದೆಯ ಬಿಳಿ ಮಾಂಸಕ್ಕಿಂತ ಹೃದಯದಲ್ಲೂ ಕಾಲಿನ ಕೆಂಪು ಮಾಂಸದಲ್ಲೂ ಟಾರೀನ್ ಹೆಚ್ಚು. ಅಂಗಡಿಯವನು ಮೊದಲು ಆಶ್ಚರ್ಯಪಟ್ಟ, ಈಗ ಕೇಳದೆಯೇ ಕಟ್ಟಿಡುತ್ತಾನೆ. ಕಲೀಜವನ್ನು ಮಾತ್ರ ವಾರಕ್ಕೆ ಒಂದು ಸಣ್ಣ ತುಂಡಿಗೆ ಸೀಮಿತಗೊಳಿಸಿದ್ದೇನೆ, ಅದರಲ್ಲಿ ಎ ಜೀವಸತ್ವ ವಿಪರೀತ.

ಎರಡನೆಯದು ಮೀನೆಣ್ಣೆ. ಹೃದಯ ಸೋತ ಪ್ರಾಣಿಗಳು ಹಸಿವು ಕಳೆದುಕೊಂಡು, ಬೆನ್ನಿನ ಮಾಂಸ ಕರಗಿ, ಕಡ್ಡಿಯಂತಾಗುತ್ತವೆ. ಮೀನೆಣ್ಣೆಯಲ್ಲಿರುವ ಇಪಿಎ ಮತ್ತು ಡಿಎಚ್ಎ ಎಂಬ ಒಮೆಗಾ-3 ಕೊಬ್ಬುಗಳು ದೇಹದೊಳಗಿನ ಉರಿಯೂತವನ್ನು ತಗ್ಗಿಸಿ ಈ ಸವೆತವನ್ನು ನಿಧಾನಗೊಳಿಸುತ್ತವೆ ಎಂಬುದು ಹೃದಯ ಸೋತ ನಾಯಿಗಳಲ್ಲಿ ಕಂಡುಬಂದಿದೆ. ನಾಯಿಗಳಿಗೆ ಪ್ರತಿ ಕಿಲೋ ತೂಕಕ್ಕೆ 40 ಮಿಲಿಗ್ರಾಂ ಇಪಿಎ, 25 ಮಿಲಿಗ್ರಾಂ ಡಿಎಚ್ಎ ಎಂಬ ಲೆಕ್ಕವಿದೆ; ಕುಂದಾನ ತೂಕ 1,100 ಗ್ರಾಂ. ಔಷಧ ಅಂಗಡಿಯಲ್ಲಿ ಸಿಗುವ ಸಾಮಾನ್ಯ 1,000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ 180 ಮಿಲಿಗ್ರಾಂ ಇಪಿಎ ಮತ್ತು 120 ಮಿಲಿಗ್ರಾಂ ಡಿಎಚ್ಎ ಇರುತ್ತದೆ. ಹಾಗಾಗಿ ವೈದ್ಯರು ಒಂದು ಕ್ಯಾಪ್ಸೂಲಿನ ಕಾಲು ಭಾಗ ಎಂದರು. ಸೂಜಿಯಿಂದ ಚುಚ್ಚಿ, ಎಣ್ಣೆಯನ್ನು ಸಿರಿಂಜಿಗೆ ಎಳೆದು, ಕಾಲು ಮಿಲಿಲೀಟರ್ ಊಟದ ಮೇಲೆ ಹಾಕುತ್ತೇನೆ. ಉಳಿದದ್ದನ್ನು ಸಿರಿಂಜಿನಲ್ಲೇ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದಲ್ಲಿ ಮುಗಿಸುತ್ತೇನೆ.

ಕ್ಯಾಪ್ಸೂಲಿಗೆ ಬರುವ ಮೊದಲು ನಾನು ಸಾಕುಪ್ರಾಣಿಗಳಿಗೆಂದೇ ಮಾರುವ, ಒತ್ತಿದರೆ ಎಣ್ಣೆ ಚಿಮ್ಮುವ ದೊಡ್ಡ ಬಾಟಲಿಯನ್ನು ತಂದಿದ್ದೆ. ಏಪ್ರಿಲ್ ತಿಂಗಳು, ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟದ್ದು ನನ್ನ ತಪ್ಪು. ಐದನೆಯ ವಾರದಲ್ಲಿ ಕುಂದಾ ಮೂಸಿ ಮುಖ ತಿರುಗಿಸಿದ. ನಾನು ಮೂಸಿದಾಗ ಹಳೆಯ ಬಣ್ಣದ ಡಬ್ಬಿಯಂಥ ಕಮಟು ವಾಸನೆ ಬಂತು. ಮೀನೆಣ್ಣೆ ಗಾಳಿ, ಬೆಳಕು, ಸೆಕೆಗೆ ಬೇಗ ಕೆಡುತ್ತದೆ, ಕೆಟ್ಟ ಎಣ್ಣೆ ದೇಹದ ಇ ಜೀವಸತ್ವವನ್ನು ತಿಂದುಹಾಕುತ್ತದೆ. ಇ ಜೀವಸತ್ವ ಕಡಿಮೆಯಾಗಿ ಮೀನಿನ ಕೊಬ್ಬು ಹೆಚ್ಚಾದರೆ ಫೆರೆಟ್ ಮತ್ತು ಅದರ ಬಳಗದ ಪ್ರಾಣಿಗಳಲ್ಲಿ ಮೈಕೊಬ್ಬು ಹಳದಿಗಟ್ಟಿ ಬಾತು ನೋಯುವ ರೋಗ ಬರುತ್ತದೆ. ಒಂದು ಕಿಲೋ ತೂಕದ ಪ್ರಾಣಿಗೆ ದೊಡ್ಡ ಬಾಟಲಿ ಎಂದಿಗೂ ಸಲ್ಲದು, ಅದು ಮುಗಿಯುವ ಮೊದಲೇ ಕೆಡುತ್ತದೆ. ಕ್ಯಾಪ್ಸೂಲು ಒಂದೊಂದಾಗಿ ಮುಚ್ಚಿರುತ್ತದೆ, ಬೆಲೆಯೂ ಕಡಿಮೆ. ಕಾಡ್ ಲಿವರ್ ಆಯಿಲ್ ಬೇರೆ, ಮೀನೆಣ್ಣೆ ಬೇರೆ ಎಂಬುದನ್ನೂ ಗಮನಿಸಬೇಕು. ಮೊದಲನೆಯದರಲ್ಲಿ ಎ ಮತ್ತು ಡಿ ಜೀವಸತ್ವಗಳು ದಟ್ಟವಾಗಿದ್ದು, ದಿನವೂ ಕೊಟ್ಟರೆ ಸಂಗ್ರಹವಾಗಿ ಹಾನಿ ಮಾಡುತ್ತವೆ.

"ಮೀನೆಣ್ಣಿ ಯಾಕ, ಅಗಸಿ ಹಿಂಡಿ ಹಾಕ್ರಿ, ಅದರಾಗೂ ಒಮೆಗಾ ಇರ್ತದಲ್ಲ" ಎಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ನಮ್ಮ ಊಟಕ್ಕೆ ಅಗಸಿ ಹಿಂಡಿ ಒಳ್ಳೆಯದೇ. ಆದರೆ ಅಗಸೆಯಲ್ಲಿರುವುದು ಇನ್ನೊಂದು ಬಗೆಯ ಒಮೆಗಾ-3. ದೇಹ ಅದನ್ನು ಇಪಿಎ, ಡಿಎಚ್ಎಗಳಾಗಿ ಪರಿವರ್ತಿಸಿಕೊಳ್ಳಬೇಕು. ಬೆಕ್ಕಿನಂಥ ಪಕ್ಕಾ ಮಾಂಸಾಹಾರಿಗಳಲ್ಲಿ ಆ ಪರಿವರ್ತನೆಯ ಸಾಮರ್ಥ್ಯ ತೀರ ಕಡಿಮೆ. ಅಜ್ಜಿಗೆ ಇದನ್ನು ತಿಳಿಸಿ ಹೇಳಿದೆ, ಅವರು ಒಪ್ಪಿದರು.

ಮೀನೆಣ್ಣೆ ಆರಂಭಿಸಿದ ಎರಡು ತಿಂಗಳಲ್ಲಿ ಕುಂದಾನ ತೂಕ 1,040 ಗ್ರಾಮಿನಿಂದ 1,100ಕ್ಕೆ ಏರಿ ಅಲ್ಲೇ ನಿಂತಿದೆ, ರೋಮಕ್ಕೂ ಹೊಳಪು ಬಂದಿದೆ. ಎದೆಯ ನೀರು ಮರಳಿದ್ದರಿಂದ ತೂಕ ಏರಿತೇ ಎಂಬ ಅನುಮಾನದಿಂದ ಮತ್ತೆ ಎಕ್ಸ್-ರೇ ಮಾಡಿಸಿದೆವು, ನೀರಿರಲಿಲ್ಲ. ಹೃದಯದ ರೋಗಿಯ ತೂಕ ಏರಿದಾಗ ಸಂತೋಷಪಡುವ ಮುಂಚೆ ಈ ಪರೀಕ್ಷೆ ಅಗತ್ಯ. ಮೊದಲ ವಾರ ಮಲ ತೆಳುವಾಗಿತ್ತು. ಎರಡು ಹನಿಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿದ್ದರೆ ಅದೂ ಆಗುತ್ತಿರಲಿಲ್ಲ. ಮೀನೆಣ್ಣೆ ಹೆಚ್ಚಾದರೆ ರಕ್ತ ಹೆಪ್ಪುಗಟ್ಟುವುದು ತಡವಾಗುವುದರಿಂದ ಶಸ್ತ್ರಚಿಕಿತ್ಸೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೋಎಂಜೈಮ್ ಕ್ಯೂ-10 ಬಗ್ಗೆ ಹೇಳುವುದು ಹೆಚ್ಚಿಲ್ಲ. 1957ರಲ್ಲಿ ಎತ್ತಿನ ಹೃದಯದಿಂದಲೇ ಬೇರ್ಪಡಿಸಿದ, ಜೀವಕೋಶಗಳಲ್ಲಿ ಶಕ್ತಿ ಉತ್ಪಾದನೆಗೆ ಬೇಕಾದ ವಸ್ತು ಇದು. ತರ್ಕ ಚೆನ್ನಾಗಿದೆ. ಆದರೆ ಕ್ಯಾಪ್ಸೂಲುಗಳು 100 ಮಿಲಿಗ್ರಾಂ, ಮನುಷ್ಯರ ಅಳತೆಯವು. ಒಳಗಿನ ಕಿತ್ತಳೆ ಬಣ್ಣದ ಅಂಟು ಎಣ್ಣೆಯನ್ನು ಪಾಲು ಮಾಡುವುದು ಕಷ್ಟ, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಬೆಲೆಯೂ ಟಾರೀನ್‌ನ ಹಲವು ಪಟ್ಟು. ಮೂರು ತಿಂಗಳು ಕೊಟ್ಟೆ. ವಹಿಯಲ್ಲಿ ಯಾವ ಅಂಕಿಯೂ ಅಲುಗಲಿಲ್ಲ, ಹಾನಿಯೂ ಆಗಲಿಲ್ಲ. ಆ ಹಣವನ್ನು ಮುಂದಿನ ಎಕೋಗೆ ಎತ್ತಿಡುವುದು ಲೇಸೆಂದು ನಿಲ್ಲಿಸಿದೆ. ನಿಲ್ಲಿಸಿದ ಮೇಲೂ ಅಂಕಿಗಳು ಹಾಗೆಯೇ ಇವೆ.

ನನಗೆ ಇಂದಿಗೂ ನೋವುಂಟುಮಾಡುವುದು ಮಿಶ್ರ ಸಿರಪ್ಪಿನ ಸಂಗತಿ. ನಗರದ ಒಂದು ಸಾಕುಪ್ರಾಣಿ ಅಂಗಡಿಯಲ್ಲಿ ಕುಂದಾನ ಕಾಯಿಲೆಯನ್ನು ಹೇಳಿದಾಗ, "ಇದು ಹಾಕ್ರಿ ಅಕ್ಕಾರ, ಹಾರ್ಟಿಗೂ ಛಲೋ, ಕೂದಲಿಗೂ ಛಲೋ, ನಾಯಿ, ಬೆಕ್ಕು, ಮೊಲ ಎಲ್ಲಾದಕ್ಕೂ ನಡೀತದ" ಎಂದು ಕೊಟ್ಟರು. ಡಬ್ಬಿಯ ಮೇಲೆ ಹೃದಯದ ಚಿತ್ರ, ಒಳಗೆ ಟಾರೀನ್, ಕಾರ್ನಿಟೀನ್, ಕ್ಯೂ-10, ಗಿಡಮೂಲಿಕೆ ಇವೆಯೆಂಬ ಪಟ್ಟಿ. ಪ್ರತಿಯೊಂದೂ ಎಷ್ಟೆಷ್ಟಿದೆ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ, ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸಾಲು ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದಲ್ಲಿತ್ತು. ಕುಂದಾ ಅದನ್ನು ಬಹಳ ಇಷ್ಟಪಟ್ಟ. ಬಾಟಲಿಯ ಸದ್ದು ಕೇಳಿದರೆ ಗೂಡಿನಿಂದ ಎದ್ದು ಬರುತ್ತಿದ್ದ. ಇಷ್ಟು ಪ್ರೀತಿಯಿಂದ ತಿನ್ನುವುದು ಗುಣಕಾರಿಯೇ ಇರಬೇಕೆಂದು ನಾನೂ ನಂಬಿದೆ. ಒಂಬತ್ತು ದಿನಗಳಾಗುವಷ್ಟರಲ್ಲಿ ಮಲ ಸಡಿಲವಾಯಿತು, ಊಟ ಅರ್ಧಕ್ಕೆ ಇಳಿಯಿತು, ತೂಕ ನಲವತ್ತು ಗ್ರಾಂ ಕಳೆಯಿತು.

ಬಾಟಲಿಯನ್ನು ವೈದ್ಯರ ಮುಂದಿಟ್ಟಾಗ ಅವರು ಮೊದಲು ನೋಡಿದ್ದು ಪಟ್ಟಿಯ ಕೊನೆಯನ್ನು: ಸಕ್ಕರೆ ಪಾಕದ ಆಧಾರ. ನಡುವಯಸ್ಸು ದಾಟಿದ ಫೆರೆಟ್‌ಗಳ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನೋಮಾ ಎಂಬ ಗಡ್ಡೆ ಆಗುವುದು ಬಹಳ ಸಾಮಾನ್ಯ. ಆ ಗಡ್ಡೆ ಬೇಕಿಲ್ಲದಿದ್ದರೂ ಇನ್ಸುಲಿನ್ ಸುರಿಸುತ್ತದೆ. ಅಂಥ ಪ್ರಾಣಿಗೆ ಸಿಹಿ ಕೊಟ್ಟರೆ ಇನ್ಸುಲಿನ್ ಇನ್ನಷ್ಟು ಉಕ್ಕಿ, ಸಕ್ಕರೆ ಏರಿದ್ದಕ್ಕಿಂತ ಕೆಳಗೆ ಕುಸಿದು, ಜೊಲ್ಲು ಸುರಿಸಿ ಬೀಳುತ್ತದೆ. ಕುಂದಾನಿಗೆ ಆ ರೋಗ ಇರಲಿಲ್ಲ ಎಂಬುದು ನಮ್ಮ ಪುಣ್ಯ. ಹೃದಯದ ಔಷಧಗಳ ನಡುವೆ ಹೀಗೆ ಬಿದ್ದಿದ್ದರೆ, ಅದು ಹೃದಯದ್ದೋ ಸಕ್ಕರೆಯದ್ದೋ ಎಂದು ತಿಳಿಯುವಷ್ಟರಲ್ಲಿ ಅವನು ನಮ್ಮ ಕೈ ಬಿಟ್ಟು ಹೋಗುತ್ತಿದ್ದ. ಸಿರಪ್ಪನ್ನು ಅಂದೇ ಎಸೆದೆ. ಬೆಲ್ಲ, ಜೇನು, ಮಾಲ್ಟ್ ಇರುವ ಯಾವ ಪೇಸ್ಟನ್ನೂ ಈಗ ಮನೆಗೆ ತರುವುದಿಲ್ಲ. ಪಂಚಮಿಯ ಉಂಡಿಯ ಪುಡಿ ನೆಲಕ್ಕೆ ಬೀಳದಂತೆಯೂ ಎಚ್ಚರ ವಹಿಸುತ್ತೇವೆ. ಅಂಗಡಿಗೆ ಮರಳಿ ಹೋಗಿ ಇಷ್ಟನ್ನೂ ಹೇಳಿ ಬಂದೆ; ಹಣ ಹಿಂದಿರುಗಲಿಲ್ಲ, ಆ ಬಾಟಲಿ ಮೊಲದ ಆಹಾರದ ಪಕ್ಕದಲ್ಲೇ ಇನ್ನೂ ಇದೆ.

ಅಂಗಡಿಯ ಹೊರಗಿನ ಸಲಹೆಗಳೂ ಬಂದವು. ಹೊಳೆಮತ್ತಿ, ಅಂದರೆ ಅರ್ಜುನದ ಚಕ್ಕೆಯ ಕಷಾಯ ಹೃದಯಕ್ಕೆ ಒಳ್ಳೆಯದೆಂದು ಆಯುರ್ವೇದ ಬಲ್ಲ ಬಂಧುಗಳೊಬ್ಬರು ಚಕ್ಕೆಯನ್ನೇ ತಂದುಕೊಟ್ಟರು. ಅವರ ಪ್ರೀತಿಗೆ ನಾನು ಋಣಿ. ಆದರೂ ಒಗರು ತುಂಬಿದ ತೊಗಟೆಯನ್ನು ಮಾಂಸ ಬಿಟ್ಟು ಬೇರೇನೂ ಅರಗಿಸದ ಕರುಳಿಗೆ, ಅದೂ ರಕ್ತದೊತ್ತಡ ಇಳಿಸುವ ಎನಾಲಾಪ್ರಿಲ್ ಜೊತೆಗೆ ಕೊಡಲು ಧೈರ್ಯ ಬರಲಿಲ್ಲ. ಫೆರೆಟ್‌ಗಳು ಆ ಔಷಧದ ಸಣ್ಣ ಪ್ರಮಾಣಕ್ಕೇ ಒತ್ತಡ ಕುಸಿದು ಮಂಕಾಗುತ್ತವೆ. ನೀರಿಳಿಸುವ ಔಷಧದಿಂದ ನಿತ್ರಾಣವಾಗದಿರಲಿ ಎಂದು ಎಳನೀರು ಕೊಡಲು ಹೇಳಿದವರೂ ಇದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಎನಾಲಾಪ್ರಿಲ್ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ, ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಫುರೊಸಮೈಡ್ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ ಎಂಬುದೂ ನಿಜ. ಯಾವುದು ಮೇಲುಗೈ ಎಂಬುದನ್ನು ರಕ್ತಪರೀಕ್ಷೆಯೇ ಹೇಳಬೇಕು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಮಾಡಿಸುತ್ತೇವೆ, ಪೊಟ್ಯಾಸಿಯಂ ಪೂರಕವನ್ನು ಇಂದಿನವರೆಗೆ ಕೊಟ್ಟಿಲ್ಲ.

ಮಳೆಗಾಲ ಜೋರಾಗಿರುವ ಬೆಳಗಾವಿಯಲ್ಲಿ ಸೊಳ್ಳೆಗಳ ಮಾತನ್ನೂ ಸೇರಿಸಬೇಕು. ಸೊಳ್ಳೆಯಿಂದ ಹರಡುವ ಹೃದಯದ ಹುಳು ನಾಯಿಗಳಷ್ಟೇ ಅಲ್ಲ ಫೆರೆಟ್‌ಗಳಿಗೂ ತಗಲುತ್ತದೆ, ಇಷ್ಟು ಚಿಕ್ಕ ಹೃದಯದಲ್ಲಿ ಒಂದೆರಡು ಹುಳುಗಳೇ ಸಾವಿಗೆ ಸಾಕು, ಅದರ ಲಕ್ಷಣಗಳೂ ಕುಂದಾನ ಲಕ್ಷಣಗಳಂತೆಯೇ ಇರುತ್ತವೆ. ನಮ್ಮ ವೈದ್ಯರು ಅದಿಲ್ಲವೆಂದು ನೋಡಿದ ಮೇಲೆಯೇ ಪೂರಕಗಳ ಮಾತಿಗೆ ಒಪ್ಪಿದ್ದು. ತಿಂಗಳಿಗೊಮ್ಮೆ ಹೆಗಲ ನಡುವೆ ಹಾಕುವ ತಡೆಮದ್ದಿಗೆ ಆಗುವ ಖರ್ಚು ನಾನು ಕ್ಯೂ-10ಕ್ಕೆ ಸುರಿದ ಹಣಕ್ಕಿಂತ ಕಡಿಮೆ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಬೆಳಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ, ಮೊದಲಿಗೆ ಔಷಧ. ಅದು ಒಳಗೆ ಹೋದದ್ದು ಖಚಿತವಾದ ಮೇಲೆ ಟಾರೀನ್ ಬೆರೆಸಿದ ಸಾರು. ರಾತ್ರಿ ಮಾತ್ರ ಅದರ ಮೇಲೆ ಮೀನೆಣ್ಣೆ. ಔಷಧವನ್ನು ಪೂರಕದ ಸಾರಿನಲ್ಲಿ ಕಲಸುವುದಿಲ್ಲ. ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧ ಹೋಯಿತೆಂಬ ಲೆಕ್ಕ ತಪ್ಪುತ್ತದೆ, ಸಾರಿನ ಮೇಲೆಯೇ ಅವನಿಗೆ ಜಿಗುಪ್ಸೆ ಹುಟ್ಟಿದರೆ ಊಟವೂ ನಿಲ್ಲುತ್ತದೆ. ಮಲಗಿದ ಮೇಲೆ ಉಸಿರು ಎಣಿಸುತ್ತೇನೆ. ಎರಡು ದಿನ ಸತತವಾಗಿ 36 ದಾಟಿದರೆ ಪೂರಕ ಹೆಚ್ಚಿಸುವ ಯೋಚನೆ ಮಾಡದೆ ವೈದ್ಯರಿಗೆ ಫೋನು ಮಾಡುತ್ತೇನೆ; ಹನ್ನೊಂದು ತಿಂಗಳಲ್ಲಿ ಎರಡು ಸಲ ಹಾಗಾಯಿತು, ಎರಡೂ ಸಲ ಸರಿಹೋದದ್ದು ಫುರೊಸಮೈಡ್ ಪ್ರಮಾಣ ಬದಲಿಸಿದ್ದರಿಂದ. ಅವನು ಊಟ ಬಿಟ್ಟ ದಿನ ಔಷಧವನ್ನಷ್ಟೇ ವೈದ್ಯರು ಹೇಳಿದಂತೆ ಕೊಟ್ಟು, ತಿನ್ನುವ ನಾಲ್ಕು ತುತ್ತು ಅವನಿಗೆ ಇಷ್ಟವಾದ ಬರೀ ಕೋಳಿಯೇ ಆಗಿರಲೆಂದು ಬಿಡುತ್ತೇನೆ. ಅಂಥ ದಿನ ಟಾರೀನ್ ಡಬ್ಬಿಯನ್ನೂ ಮೀನೆಣ್ಣೆಯನ್ನೂ ಮುಟ್ಟುವುದಿಲ್ಲ.